ಬ್ಯಾಗಿನಲ್ಲಿ ಏನಿರಬೇಕು? ಕುಮಾರ ಪರ್ವತದ ಚಾರಣಕ್ಕೂ ರಾಫ್ಟಿಂಗಿಗೂ ಒಂದು ತಯಾರಿ

ಚಾರಣದ ನೋಟಿಸ್ ಬೋರ್ಡಿಗೆ ಬಿದ್ದ ದಿನದಿಂದ ಸ್ಟಾಫ್ ರೂಮಿನ ಬಾಗಿಲಲ್ಲಿ ನನಗೆ ಎದುರಾಗುವ ಪ್ರಶ್ನೆ ಒಂದೇ: "ಸರ್, ಏನೆಲ್ಲ ತರಬೇಕು?" ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ನಮ್ಮ ವಾರ್ತಾಪತ್ರಿಕೆಯಲ್ಲೇ ಬರೆದರೆ ಮನೆಯವರೂ ಓದಬಹುದು ಎಂದು ಈ ಲೇಖನ. ಮನೆಯವರು ಓದಬೇಕು ಎನ್ನುವುದಕ್ಕೆ ಕಾರಣವಿದೆ. ಪ್ರತಿ ಸಲವೂ ಹೆಸರು ಕೊಟ್ಟು ಕೊನೆಯ ವಾರದಲ್ಲಿ ಹಿಂದೆಗೆಯುವವರು ಇರುತ್ತಾರೆ. ಕೆಲವರಿಗೆ "ಚಾರಣದ ಶೂ, ಜಾಕೆಟ್ ಎಲ್ಲ ತೆಗೆದುಕೊಳ್ಳುವಷ್ಟು ದುಡ್ಡಿಲ್ಲ" ಎಂಬ ಅಂಜಿಕೆ. ಕೆಲವು ಹುಡುಗಿಯರ ಮನೆಯಲ್ಲಿ "ಅಲ್ಲಿ ಏನು ಹಾಕಿಕೊಂಡು ಹೋಗುತ್ತಿ?" ಎಂಬ ಪ್ರಶ್ನೆ. ಎರಡಕ್ಕೂ ಸರಿಯಾದ ಉತ್ತರ ಇದೆ, ಮತ್ತು ಅದು ಹೆಚ್ಚಿನಂಶ ನಿಮ್ಮ ಮನೆಯ ಕಪಾಟಿನಲ್ಲೇ ಇದೆ.

ನಾನು ಪಾಠ ಮಾಡುವುದು ಭೌತಶಾಸ್ತ್ರ. ಹಾಗಾಗಿ ಪಟ್ಟಿಗಿಂತ ಮೊದಲು ಕಾರಣ ಹೇಳುತ್ತೇನೆ. ಕಾರಣ ಗೊತ್ತಾದರೆ ಪಟ್ಟಿಯನ್ನು ನೀವೇ ಬರೆದುಕೊಳ್ಳುತ್ತೀರಿ.

ಎಲ್ಲಿಗೆ, ಯಾವಾಗ?

ಕಬಕದಿಂದ ನಮಗೆ ಹತ್ತಿರದ ದೊಡ್ಡ ಚಾರಣ ಕುಮಾರ ಪರ್ವತ. ಕಬಕ ಪುತ್ತೂರು ನಿಲ್ದಾಣದಲ್ಲಿ ರೈಲು ಹತ್ತಿದರೆ ಅದೇ ಹಾಸನ ಮಾರ್ಗದಲ್ಲಿ ಸುಬ್ರಹ್ಮಣ್ಯ ರೋಡ್ ಸಿಗುತ್ತದೆ. ಅಲ್ಲಿಂದ ಕುಕ್ಕೆಗೆ ಬಸ್ಸು, ಜೀಪು ಇವೆ. ಕುಕ್ಕೆಯ ಬದಿಯಿಂದ ಹತ್ತುವ ದಾರಿ ಮೊದಲು ದಟ್ಟ ಕಾಡಿನಲ್ಲಿ ಸಾಗಿ ಭಟ್ಟರ ಮನೆಗೆ ಬರುತ್ತದೆ. ಅದರ ಹತ್ತಿರವೇ ಗಿರಿಗದ್ದೆಯ ಅರಣ್ಯ ಇಲಾಖೆಯ ತಪಾಸಣಾ ಠಾಣೆ. ಅಲ್ಲಿಂದ ಮುಂದೆ ಮರದ ನೆರಳು ಮುಗಿದು ಹುಲ್ಲುಗಾವಲು. ಕಲ್ಲು ಮಂಟಪ, ಶೇಷ ಪರ್ವತ ದಾಟಿ, ನಡುವೆ ಮತ್ತೆ ಒಂದು ತುಂಡು ಕಾಡು ಹೊಕ್ಕು, 1,712 ಮೀಟರ್ ಎತ್ತರದ ತುದಿ. ಕುಕ್ಕೆಯಿಂದ ಲೆಕ್ಕ ಹಾಕಿದರೆ ಏರಿಕೆ ಒಂದೂವರೆ ಸಾವಿರ ಮೀಟರಿಗಿಂತ ಹೆಚ್ಚು. ಇದು ಪುಷ್ಪಗಿರಿ ವನ್ಯಜೀವಿ ಧಾಮ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಒಂದು. ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುವ ನಮ್ಮ ಕುಮಾರಧಾರೆ ಹುಟ್ಟುವುದೂ ಈ ಬೆಟ್ಟಸಾಲಿನಲ್ಲೇ.

ರಾಫ್ಟಿಂಗಿಗೆ ಹತ್ತಿರದ ಜಾಗಗಳೆಂದರೆ ದಕ್ಷಿಣ ಕೊಡಗಿನ ಬರಪೊಳೆ, ಕುಶಾಲನಗರದ ಬಳಿ ದುಬಾರೆಯ ಕಾವೇರಿ, ಹೆಬ್ರಿ ಕಡೆಯ ಸೀತಾನದಿ. ಬರಪೊಳೆ ರಭಸದ ಹೊಳೆ, ದುಬಾರೆ ಅದಕ್ಕಿಂತ ಸೌಮ್ಯ. ಬರಪೊಳೆ, ಸೀತಾನದಿ ಎರಡೂ ಮಳೆಯ ನೀರನ್ನೇ ನಂಬಿದವು, ಆದ್ದರಿಂದ ಅಲ್ಲಿನ ರಾಫ್ಟಿಂಗ್ ಮಳೆಗಾಲದ್ದು. ದಾಂಡೇಲಿಯ ಕಡೆ ಕಾಳಿ ನದಿಯಲ್ಲಿ ಮಾತ್ರ ಅಣೆಕಟ್ಟಿನಿಂದ ಬಿಡುವ ನೀರಿನಿಂದಾಗಿ ಮಳೆ ನಿಂತ ಮೇಲೂ ರಾಫ್ಟ್ ಇಳಿಯುತ್ತದೆ. ಕುಮಾರ ಪರ್ವತ ಇದಕ್ಕೆ ತಿರುಗುಮುರುಗು: ಮಳೆಗಾಲದಲ್ಲಿ ದಾರಿ ಮುಚ್ಚಿರುತ್ತದೆ, ಮಳೆ ಕಡಿಮೆಯಾದ ಮೇಲೆ ತೆರೆಯುತ್ತದೆ. 2024ರ ಜನವರಿಯ ಕೊನೆಯಲ್ಲಿ ಸಾಲು ರಜೆಗೆ ಅಲ್ಲಿ ಸಾವಿರಾರು ಮಂದಿ ಸೇರಿ ನೂಕುನುಗ್ಗಲಾದ ಬಳಿಕ ಮುಂಗಡ ಆನ್‌ಲೈನ್ ಬುಕಿಂಗ್ ಕಡ್ಡಾಯವಾಯಿತು. ಆದ್ದರಿಂದ ಬ್ಯಾಗಿನಲ್ಲಿ ಮೊದಲು ಇರಬೇಕಾದ ವಸ್ತು ಗುರುತಿನ ಚೀಟಿ. ಬುಕಿಂಗಿನಲ್ಲಿರುವ ಹೆಸರೂ ಚೀಟಿಯ ಹೆಸರೂ ಒಂದೇ ಆಗಿರಬೇಕು.

ವೈರಿ ಚಳಿಯಲ್ಲ, ಒದ್ದೆ

ನಮ್ಮದು ಸೆಕೆಯ ಊರು. ಚಳಿ ಎಂದರೆ ನಮಗೆ ಮಡಿಕೇರಿ, ಊಟಿ ಮಾತ್ರ ನೆನಪಾಗುತ್ತದೆ. ಆದರೆ ಸಾವಿರ ಮೀಟರ್ ಮೇಲೇರಿದರೆ ಗಾಳಿಯ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಆ ಲೆಕ್ಕದಲ್ಲಿ ಕುಕ್ಕೆಯಲ್ಲಿ 28 ಡಿಗ್ರಿ ಇದ್ದಾಗ ತುದಿಯಲ್ಲಿ 18ರ ಆಸುಪಾಸು. ಬರೀ 18 ಡಿಗ್ರಿ ಯಾರಿಗೂ ಅಪಾಯವಲ್ಲ. ಆದರೆ ಆರು ಗಂಟೆ ಹತ್ತಿ ಬೆವರಿನಿಂದ ತೊಯ್ದ ಅಂಗಿ, ಅದರ ಮೇಲೆ ಬೆಟ್ಟದ ಗಾಳಿ, ಸಾಲದ್ದಕ್ಕೆ ಒಂದು ಹಿಂಗಾರು ಮಳೆ ಸೇರಿದರೆ ಕತೆಯೇ ಬೇರೆ.

ಎರಡು ಸಂಗತಿ ನೆನಪಿಡಿ. ಒಂದು, ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಒಣ ಬಟ್ಟೆ ಬೆಚ್ಚಗಿರುವುದು ನೂಲಿನಿಂದಲ್ಲ, ನೂಲುಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಆ ಗಾಳಿಯ ಜಾಗಕ್ಕೆ ನೀರು ಬಂದರೆ ಬಟ್ಟೆ ಹೊದಿಕೆಯಾಗಿ ಉಳಿಯುವುದಿಲ್ಲ. ಇನ್ನೊಂದು, ನೀರು ಆವಿಯಾಗಲು ಶಾಖ ಬೇಕು. ಮೈಯ ಮೇಲೆ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್. ಹಿಂಡಿದ ಮೇಲೂ ನಿಮ್ಮ ಹತ್ತಿ ಅಂಗಿಯಲ್ಲಿ 300 ಗ್ರಾಂ ನೀರು ಉಳಿದಿದೆ ಎಂದುಕೊಳ್ಳಿ. ಅದು ಪೂರ್ತಿ ಒಣಗಲು 7 ಲಕ್ಷ ಜೂಲಿಗಿಂತ ಹೆಚ್ಚು, ಅಂದರೆ ಸುಮಾರು 170 ಕಿಲೋ ಕ್ಯಾಲೊರಿ ಬೇಕು. ಅದರ ದೊಡ್ಡ ಪಾಲು ಹೋಗುವುದು ನಿಮ್ಮ ಮೈಯಿಂದ. ಏಳೆಂಟು ಖರ್ಜೂರ ತಿಂದು ಗಳಿಸಿದ ಶಕ್ತಿ ಬರೀ ಅಂಗಿ ಒಣಗಿಸುವುದಕ್ಕೇ ಹೋದಂತೆ.

ಮೈಯ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ವೈದ್ಯರು ಅದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ತಡೆಯಲಾಗದ ನಡುಕ, ಮಾತು ತೊದಲುವುದು, ಶೂ ಲೇಸ್ ಕಟ್ಟಲೂ ಬೆರಳು ಬಗ್ಗದಿರುವುದು ಇದರ ಸೂಚನೆಗಳು. ಹಿಮಾಲಯಕ್ಕೇ ಹೋಗಬೇಕೆಂದಿಲ್ಲ, ಒದ್ದೆ ಬಟ್ಟೆ, ಗಾಳಿ, ದಣಿವು ಮೂರೂ ಕೂಡಿದರೆ ನಮ್ಮ ಘಟ್ಟದಲ್ಲೂ ಆಗಬಹುದು. ಮದ್ದು ಸರಳ: ಗಾಳಿ ತಾಗದ ಕಡೆ ಕೂರಿಸಿ, ಒದ್ದೆ ಬಟ್ಟೆ ತೆಗೆದು, ಒಣ ಬಟ್ಟೆ ಹಾಕಿ, ಎಚ್ಚರವಿದ್ದರೆ ಬಿಸಿ ಸಿಹಿ ಪಾನೀಯ ಕೊಡುವುದು. ಆದರೆ ಆ ಒಣ ಬಟ್ಟೆ ಬ್ಯಾಗಿನಲ್ಲಿ ಇರಬೇಕಲ್ಲ?

ನಾನು ಹೇಳಬೇಕಾದ ಮುಖ್ಯ ನಿಯಮ ಇದು: ಒಂದು ಜೊತೆ ಬಟ್ಟೆ ಒದ್ದೆಯಾಗುವುದಕ್ಕೆ, ಒಂದು ಜೊತೆ ಯಾವ ಕಾರಣಕ್ಕೂ ಒದ್ದೆಯಾಗದಿರುವುದಕ್ಕೆ. ಎರಡನೆಯ ಜೊತೆಯನ್ನು ಕೆಳಗಿಳಿದು ಮುಗಿಯುವ ತನಕ, ಅಥವಾ ಯಾರಿಗಾದರೂ ತುರ್ತು ಬರುವ ತನಕ ಮುಟ್ಟಬಾರದು.

ಒದ್ದೆಯಾಗುವ ಜೊತೆ

ಜೀನ್ಸ್ ಬೇಡ. ಅದು ಹತ್ತಿ, ಅದೂ ದಪ್ಪ ಹತ್ತಿ. ಸಾಮಾನ್ಯ ತೇವದ ಗಾಳಿಯಲ್ಲೇ ಹತ್ತಿ ತನ್ನ ತೂಕದ ಸುಮಾರು ಶೇ. 8ರಷ್ಟು ನೀರು ಹೀರಿಕೊಂಡಿರುತ್ತದೆ, ಪಾಲಿಯೆಸ್ಟರ್ ಶೇ. 0.4ರಷ್ಟು ಮಾತ್ರ. ನಂಬಿಕೆ ಬಾರದಿದ್ದರೆ ಮನೆಯಲ್ಲೇ ಪ್ರಯೋಗ ಮಾಡಿ. ಒಂದು ಜೀನ್ಸ್, ಒಂದು ಟ್ರ್ಯಾಕ್ ಪ್ಯಾಂಟ್ ಎರಡನ್ನೂ ತೂಗಿ, ನೀರಿನಲ್ಲಿ ಅದ್ದಿ, ಹಿಂಡಿ, ಮತ್ತೆ ತೂಗಿ. ಒಟ್ಟಿಗೆ ನೆರಳಿನಲ್ಲಿ ಒಣಹಾಕಿ ಎರಡು ಗಂಟೆ ಬಿಟ್ಟು ಮತ್ತೊಮ್ಮೆ ತೂಗಿ. ಯಾವುದನ್ನು ಹಾಕಿಕೊಂಡು ಬೆಟ್ಟ ಹತ್ತಬೇಕೆಂದು ತಕ್ಕಡಿಯೇ ಹೇಳುತ್ತದೆ.

ನಿಮ್ಮ ಫುಟ್ಬಾಲ್, ವಾಲಿಬಾಲ್ ಜೆರ್ಸಿ ಪಾಲಿಯೆಸ್ಟರಿನದು. ಅದೇ ಒಳ್ಳೆಯ ಚಾರಣದ ಅಂಗಿ. ಉದ್ದ ತೋಳಿನದಾದರೆ ಇನ್ನೂ ಒಳ್ಳೆಯದು: ಹುಲ್ಲುಗಾವಲಿನಲ್ಲಿ ಬಿಸಿಲು ನೇರ ಹೊಡೆಯುತ್ತದೆ, ಎದೆಯೆತ್ತರದ ಹುಲ್ಲಿನ ಅಂಚು ಕೈ ಗೀರುತ್ತದೆ. ಕೆಳಗೆ ಸಡಿಲವಾದ ಟ್ರ್ಯಾಕ್ ಪ್ಯಾಂಟ್. ಬರ್ಮುಡಾ ಚಡ್ಡಿ ಬೇಡವೇ ಬೇಡ, ಜಿಗಣೆಗೆ ನೀವೇ ಬಾಗಿಲು ತೆರೆದಂತೆ.

ಹುಡುಗಿಯರ ಮನೆಯವರಿಗೆ ಇಲ್ಲೇ ಉತ್ತರವಿದೆ. ಮುಂಗೈ ತನಕ ತೋಳು, ಕಣಕಾಲು ತನಕ ಪ್ಯಾಂಟ್, ಮಂಡಿಯ ತನಕ ಬರುವ ಸಡಿಲ ಸಿಂಥೆಟಿಕ್ ಟಾಪ್, ತಲೆಗೆ ಪಿನ್ ಇಲ್ಲದೆ ಎಳೆದು ಹಾಕುವ ಜೆರ್ಸಿ ಬಟ್ಟೆಯ ಹಿಜಾಬ್. ನಮ್ಮ ಮರ್ಯಾದೆಯ ಉಡುಪಿಗೂ ಕಾಡಿನ ಬೇಡಿಕೆಗೂ ಇಲ್ಲಿ ಜಗಳವೇ ಇಲ್ಲ. ಬಿಸಿಲು, ಮುಳ್ಳು, ಜಿಗಣೆ, ಸೊಳ್ಳೆ ಎಲ್ಲದಕ್ಕೂ ಮೈ ಮುಚ್ಚುವ ಬಟ್ಟೆಯೇ ಸರಿ. ತಡೆಯಾಗುವುದು ಬಟ್ಟೆಯ ಅಳತೆಯಲ್ಲ, ಅದರ ಜೋತು ಬೀಳುವ ತುದಿಗಳು. ನೆಲ ಸೋಕುವ ಬುರ್ಖಾ ಬೇರಿಗೆ, ಕಲ್ಲಿಗೆ ಸಿಕ್ಕಿ ಕಾಲು ತೊಡರಿಸುತ್ತದೆ, ಇಳಿಯುವಾಗ ಮುಂದಿನ ಹೆಜ್ಜೆ ಕಾಣಿಸದಂತೆ ಮಾಡುತ್ತದೆ. ಉದ್ದ ದುಪಟ್ಟಾವೂ ಅಷ್ಟೇ. ಬುರ್ಖಾವನ್ನು ಪ್ರಯಾಣದಲ್ಲಿ ಹಾಕಿಕೊಂಡು ಬಂದು, ಚಾರಣ ಶುರುವಾಗುವಲ್ಲಿ ಮಡಚಿ ಬ್ಯಾಗಿನಲ್ಲಿಡಬಹುದು.

ಕಾಲಿನ ಮಾತು

ದುಬಾರಿ ಶೂ ಬೇಕಿಲ್ಲ. ಅಡಿ ಸವೆಯದ, ಹಲ್ಲುಗಳಿರುವ ಶೂ ಬೇಕು. ಪಿ.ಟಿ. ಶೂವನ್ನು ತಿರುಗಿಸಿ ನೋಡಿ. ಅಡಿ ನುಣುಪಾಗಿದ್ದರೆ ಪಾಚಿಗಟ್ಟಿದ ಕಲ್ಲಿನ ಮೇಲೆ ಅದು ಸಾಬೂನು. ಹೊಸ ಶೂ ಕೊಳ್ಳುವುದಾದರೆ ಎರಡು ವಾರ ಮೊದಲೇ ಕೊಂಡು ದಿನಾ ಹಾಕಿ ಓಡಾಡಿ. ಹೊಸ ಶೂ ಹಾಕಿಕೊಂಡು ನೇರ ಬೆಟ್ಟಕ್ಕೆ ಬಂದವರ ಹಿಮ್ಮಡಿಯಲ್ಲಿ ಗಿರಿಗದ್ದೆ ತಲಪುವಷ್ಟರಲ್ಲಿ ಬೊಕ್ಕೆ ಎದ್ದಿರುತ್ತದೆ. ಸಾಕ್ಸ್ ಎರಡು ಜೊತೆ ಒಟ್ಟಿಗೆ, ಒಳಗೆ ತೆಳ್ಳಗಿನದು, ಹೊರಗೆ ದಪ್ಪದ್ದು. ಉಜ್ಜಾಟ ಎರಡು ಸಾಕ್ಸ್‌ಗಳ ನಡುವೆ ನಡೆಯುತ್ತದೆ, ಚರ್ಮ ಉಳಿಯುತ್ತದೆ. ಹೊರಡುವ ಮುನ್ನಾದಿನ ಕಾಲಿನ ಉಗುರು ಕತ್ತರಿಸಿ. ಒಂದೂವರೆ ಸಾವಿರ ಮೀಟರ್ ಇಳಿಯುವಾಗ ಪ್ರತಿ ಹೆಜ್ಜೆಗೂ ಬೆರಳು ಶೂವಿನ ಮೂತಿಗೆ ಬಡಿಯುತ್ತದೆ.

ಜಿಗಣೆ, ಅಂದರೆ ನಮ್ಮ ಕಡೆಯ ಉಂಬಳಕ್ಕೆ ಹೆದರಿ ಹೆಸರು ಹಿಂದೆಗೆಯಬೇಡಿ. ಪ್ಯಾಂಟಿನ ತುದಿಯನ್ನು ಸಾಕ್ಸಿನ ಒಳಗೆ ಸೇರಿಸಿ. ಸಣ್ಣ ಬಟ್ಟೆಯಲ್ಲಿ ಉಪ್ಪಿನ ಗಂಟು ಕಟ್ಟಿ ಜೇಬಿನಲ್ಲಿಟ್ಟುಕೊಳ್ಳಿ. ತಾಗಿಸಿದರೆ ಅದು ಬಿಡುತ್ತದೆ. ಉಪ್ಪಿಲ್ಲದಿದ್ದರೆ ಉಗುರಿನಿಂದ ಅದರ ಬಾಯಿಯ ಬುಡವನ್ನು ಮೆಲ್ಲಗೆ ಸರಿಸಿ ತೆಗೆಯಿರಿ. ಕಚ್ಚಿದ ಜಾಗದಲ್ಲಿ ರಕ್ತ ಬಹಳ ಹೊತ್ತು ಹರಿದರೆ ಗಾಬರಿ ಬೇಡ. ಜಿಗಣೆಯ ಜೊಲ್ಲಿನಲ್ಲಿರುವ ಹಿರುಡಿನ್ ಎಂಬ ಪ್ರೋಟೀನು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ, ಅಷ್ಟೇ. ತೊಳೆದು, ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ.

ಒದ್ದೆಯಾಗಬಾರದ ಜೊತೆ

ಇದರಲ್ಲಿ ಒಂದು ಅಂಗಿ, ಒಂದು ಪ್ಯಾಂಟ್, ಒಳಉಡುಪು, ಸಾಕ್ಸ್, ಹುಡುಗಿಯರಿಗೆ ಇನ್ನೊಂದು ಹಿಜಾಬ್, ಮತ್ತು ಒಂದು ಬೆಚ್ಚನೆಯ ಮೇಲಂಗಿ. ಸ್ವೆಟರ್ ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಆದರೆ ಗಲ್ಫಿನಲ್ಲಿರುವ ಮಾಮ, ಕಾಕ ಯಾರೋ ತಂದುಕೊಟ್ಟ ಫ್ಲೀಸ್ ಜಾಕೆಟ್ ಹಲವರ ಕಪಾಟಿನಲ್ಲಿ ಮಡಚಿ ಕುಳಿತಿದೆ. ಅದಕ್ಕೆ ಇದೇ ಸಮಯ.

ಬ್ಯಾಗಿಗೆ ಹೊರಗಿನಿಂದ ಹಾಕುವ ರೈನ್ ಕವರ್ ಮಾತ್ರ ನಂಬಬೇಡಿ. ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಬಟ್ಟೆಯನ್ನು ದಪ್ಪ ಪ್ಲಾಸ್ಟಿಕ್ ಕವರಿಗೆ ಹಾಕಿ, ಗಾಳಿ ಹೊರಗೆ ತಳ್ಳಿ, ಬಾಯಿಯನ್ನು ಮೂರು ಸುತ್ತು ಮಡಚಿ ಕಟ್ಟಿ, ಆಮೇಲೆ ಎರಡನೆಯ ಕವರಿನಲ್ಲಿ ತಲೆಕೆಳಗಾಗಿ ಇಳಿಸಿ. ಬಕೆಟಿನ ನೀರಿನಲ್ಲಿ ಐದು ನಿಮಿಷ ಒತ್ತಿ ಹಿಡಿದು ಪರೀಕ್ಷಿಸಿ. ಈ ಕವರುಗಳು ಕಾಡಿನಲ್ಲಿ ಬೀಳಬಾರದು. ಹೋದ ಲೆಕ್ಕಕ್ಕೆ ಬಂದ ಲೆಕ್ಕ ಸರಿಯಾಗಿರಲಿ.

ಬೈರಾಸು, ನೀರು, ಬುತ್ತಿ

ಹತ್ತಿ ಬೇಡ ಎಂದ ನಾನೇ ಒಂದು ಹತ್ತಿಯ ವಸ್ತು ತನ್ನಿ ಎನ್ನುತ್ತೇನೆ: ಬೈರಾಸು. ಬೆವರು ಒರೆಸಲು, ತಲೆಗೆ ಸುತ್ತಲು, ಬಟ್ಟೆ ಬದಲಿಸುವಾಗ ಮರೆ ಕಟ್ಟಲು, ಕೈ ಮುರಿದರೆ ಜೋಳಿಗೆ ಕಟ್ಟಲು, ನಮಾಝಿಗೆ ಹಾಸಲು ಇದೊಂದೇ ಸಾಕು. ದಪ್ಪ ಮುಸಲ್ಲ ಹೊತ್ತು ತರುವುದು ಬೇಡ. ಕಿಬ್ಲಾದ ದಿಕ್ಕು ನಮ್ಮ ಊರಿನಿಂದ ನೇರ ಪಶ್ಚಿಮವಲ್ಲ, ಪಶ್ಚಿಮದಿಂದ ಸುಮಾರು 19 ಡಿಗ್ರಿ ಉತ್ತರಕ್ಕೆ. ಮೊಬೈಲಿನ ದಿಕ್ಸೂಚಿ ಕೆಲಸ ಮಾಡುವುದು ಭೂಮಿಯ ಕಾಂತಕ್ಷೇತ್ರದಿಂದ, ನೆಟ್‌ವರ್ಕ್ ಇಲ್ಲದಿದ್ದರೂ ತೋರಿಸುತ್ತದೆ. ಕುಡಿಯುವ ನೀರು ಕಡಿಮೆ ಇರುವಲ್ಲಿ ವುಳೂ, ತಯಮ್ಮುಮಿನ ನಿಯಮ, ಪ್ರಯಾಣದಲ್ಲಿ ನಮಾಝಿನ ನಿಯಮ ಇವನ್ನೆಲ್ಲ ಹೊರಡುವ ಮೊದಲೇ ಉಸ್ತಾದರಲ್ಲಿ ಕೇಳಿ ತಿಳಿದುಕೊಳ್ಳಿ. ಬೆಟ್ಟದ ಮೇಲೆ ನಿಂತು ಚರ್ಚೆ ಮಾಡುವಷ್ಟು ಹೊತ್ತು ಇರುವುದಿಲ್ಲ.

ನೀರು ಒಬ್ಬರಿಗೆ ಮೂರು ಲೀಟರ್ ಹಿಡಿಯುವಷ್ಟು ಬಾಟಲಿ. ಮೂರು ಲೀಟರ್ ಎಂದರೆ ಮೂರು ಕಿಲೋ, ಆದ್ದರಿಂದ ಉಳಿದ ಸಾಮಾನು ಹಗುರ ಇರಬೇಕು. ಒಂದು ದಿನದ ಚಾರಣಕ್ಕೆ ನೀರೂ ಸೇರಿ ಆರು ಕಿಲೋ ಮೀರದಿರಲಿ. ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಒಆರ್‌ಎಸ್ ಪೊಟ್ಟಣ ಎರಡು ತನ್ನಿ, ಒಂದು ಲೀಟರಿಗೆ ಬೆರೆಸುವ ಅಳತೆಯದು. ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟ ಮಾಡಿದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಎಂದರೆ ಚಹಾ ಚಮಚ.

ಬುತ್ತಿಗೆ ಖರ್ಜೂರ, ನೆಲಗಡಲೆ ಚಿಕ್ಕಿ, ಬಾಳೆಹಣ್ಣು, ಪತ್ತಿರ್ ಅಥವಾ ಚಪಾತಿ. ಮಾಂಸದ ಸಾರು, ಬಿರಿಯಾನಿ ಬೇಡ. ಸೆಕೆಯಲ್ಲಿ ಬ್ಯಾಗಿನೊಳಗೆ ಬೇಗ ಹಳಸುತ್ತದೆ, ವಾಸನೆಗೆ ಪ್ರಾಣಿಗಳು ಬರುತ್ತವೆ. ಅಲ್ಲದೆ ನಾವು ಹೊರಡುವುದು ಒಂದು ಯಾತ್ರಾಸ್ಥಳದಿಂದ. ಅಲ್ಲಿನವರ ನಂಬಿಕೆಗೆ ನೋವಾಗದಂತೆ ನಡೆದುಕೊಳ್ಳುವುದೂ ನಮ್ಮ ತಯಾರಿಯ ಭಾಗವೇ.

ರಾಫ್ಟಿಗೆ ಇಳಿಯುವಾಗ

ರಾಫ್ಟಿಂಗಿನಲ್ಲಿ ಒದ್ದೆಯಾಗುವುದೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲ. ಅಲ್ಲಿ ಬ್ಯಾಗು ದಡದಲ್ಲಿ, ಒಣ ಜೊತೆ ವಾಹನದಲ್ಲಿ. ಮೈ ಮೇಲೆ ಅದೇ ಜೆರ್ಸಿ, ಟ್ರ್ಯಾಕ್ ಪ್ಯಾಂಟ್, ಆದರೆ ಚಾರಣಕ್ಕಿಂತ ತುಸು ಮೈಗೆ ಹೊಂದುವಂತಹುದು.

ಸಡಿಲ ಬಟ್ಟೆಯಿಂದ ಏನು ತೊಂದರೆ? "ಒದ್ದೆ ಬಟ್ಟೆಯ ಭಾರ ಮುಳುಗಿಸುತ್ತದೆ" ಎನ್ನುವವರಿದ್ದಾರೆ. ಅದು ಸರಿಯಲ್ಲ. ಬಟ್ಟೆಯೊಳಗಿನ ನೀರಿಗೆ ಸುತ್ತಲಿನ ನೀರೇ ಆಧಾರ. ಆರ್ಕಿಮಿಡೀಸ್ ನಿಯಮ ನೆನಪಿಸಿಕೊಳ್ಳಿ. ನಿಜವಾದ ತೊಂದರೆ ಎರಡು. ಹರಿವು ಆ ಬಟ್ಟೆಯನ್ನು ಹಾಯಿಯಂತೆ ಹಿಡಿದು ಎಳೆಯುತ್ತದೆ, ಕೈಕಾಲು ಆಡಿಸಲು ಬಿಡುವುದಿಲ್ಲ, ಬಂಡೆಗೋ ಕೊಂಬೆಗೋ ಸಿಕ್ಕಿಕೊಳ್ಳುತ್ತದೆ. ಮತ್ತೆ, ನೀರಿನಿಂದ ರಾಫ್ಟಿಗೆ ಎಳೆದುಕೊಳ್ಳುವ ಹೊತ್ತಿಗೆ ಆ ನೀರಿನ ಪೂರ್ತಿ ಭಾರ ಎಳೆಯುವವರ ತೋಳಿಗೆ ಬೀಳುತ್ತದೆ. ಆದ್ದರಿಂದ ಬುರ್ಖಾ, ದುಪಟ್ಟಾ, ಮುಂಡು, ಲುಂಗಿ, ಜೀನ್ಸ್ ಯಾವುದೂ ರಾಫ್ಟಿನಲ್ಲಿ ಬೇಡ. ಹಿಜಾಬ್ ತಲೆಗೆ ಅಂಟಿಕೊಳ್ಳುವಂತಹುದು, ತುದಿಯನ್ನು ಅಂಗಿಯೊಳಗೆ ಸೇರಿಸಿದ್ದು, ಪಿನ್ ಒಂದೂ ಇಲ್ಲದ್ದು. ಹೆಲ್ಮೆಟ್ ಅದರ ಮೇಲೆ ಅಲುಗಾಡದಂತೆ ಕೂರಬೇಕು. ಒಳಗೆ ದಪ್ಪ ಮಡಿಕೆ, ಕೂದಲಿನ ಗಂಟು ಇದ್ದರೆ ಕೂರುವುದಿಲ್ಲ. ಮನೆಯಲ್ಲಿ ಬೈಕಿನ ಹೆಲ್ಮೆಟ್ ಹಾಕಿ ನೋಡಿ.

ಲೈಫ್ ಜಾಕೆಟ್ ಅವರೇ ಕೊಡುತ್ತಾರೆ. ಪರೀಕ್ಷೆ ನೀವು ಮಾಡಬೇಕು. ಎಲ್ಲ ಬಕಲ್ ಹಾಕಿ ಬಿಗಿ ಮಾಡಿದ ಮೇಲೆ ಗೆಳೆಯ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲಿ. ಜಾಕೆಟ್ ಕಿವಿಯ ತನಕ ಬಂದರೆ ಅದು ಸಡಿಲ. ಬಿಗಿ ಮಾಡಿಸಿ ಅಥವಾ ಬದಲಿಸಿ ಕೇಳಿ. ಕೇಳಲು ಸಂಕೋಚ ಬೇಡ. ಹವಾಯಿ ಚಪ್ಪಲಿ ಮೊದಲ ಅಲೆಗೇ ಹೋಗುತ್ತದೆ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಹಳೆಯ ಶೂ ಇರಲಿ, ಲೇಸಿನ ತುದಿ ಒಳಗೆ ಸೇರಿಸಿ. ಕನ್ನಡಕಕ್ಕೆ ತಲೆಯ ಹಿಂದಿನಿಂದ ದಾರ. ಉಂಗುರ, ಬಳೆ, ವಾಚು ಮನೆಯಲ್ಲಿ. ನೀರಿಗೆ ಬಿದ್ದರೆ ಬೆನ್ನ ಮೇಲೆ ತೇಲಿ, ಕಾಲು ಹರಿವಿನ ಕಡೆಗೆ, ಪಾದ ನೀರಿನ ಮೇಲಕ್ಕೆ. ಹರಿವಿನಲ್ಲಿ ಎದ್ದು ನಿಲ್ಲಲು ನೋಡಬಾರದು. ಪಾದ ಎರಡು ಕಲ್ಲಿನ ನಡುವೆ ಸಿಕ್ಕಿದರೆ ನೀರು ಮೈಯನ್ನು ಮುಂದಕ್ಕೆ ಮಡಚಿ ಹಾಕುತ್ತದೆ.

ಹಂಚಿಕೊಳ್ಳುವ ಸಾಮಾನು

ಎಲ್ಲರೂ ಎಲ್ಲವನ್ನೂ ಹೊರಬೇಕಿಲ್ಲ. ಹತ್ತು ಮಂದಿಯ ಗುಂಪಿಗೆ ಒಂದು ಪ್ರಥಮ ಚಿಕಿತ್ಸೆಯ ಡಬ್ಬಿ (ಬ್ಯಾಂಡೇಜು, ಉಳುಕಿಗೆ ಕ್ರೇಪ್ ಬ್ಯಾಂಡೇಜು, ಆಂಟಿಸೆಪ್ಟಿಕ್), ಎರಡು ಟಾರ್ಚು, ಒಂದು ಪವರ್ ಬ್ಯಾಂಕ್, ಕಸದ ಚೀಲ ಸಾಕು. ಸೀಟಿ ಮಾತ್ರ ಪ್ರತಿಯೊಬ್ಬರ ಕೊರಳಲ್ಲಿ ಇರಲಿ: ಮೂರು ಸಲ ಊದಿದರೆ ಸಹಾಯ ಬೇಕು ಎಂದರ್ಥ. ಅಸ್ತಮಾ, ಅಲರ್ಜಿ, ಮೂರ್ಛೆ ಇರುವವರು ತಮ್ಮ ಔಷಧಿಯನ್ನು ಒಣ ಕವರಿನಲ್ಲಿಟ್ಟು, ಜೊತೆಯಲ್ಲಿ ನಡೆಯುವವರಿಗೂ ನನಗೂ ಹೇಳಿರಬೇಕು. ಹುಡುಗಿಯರು ಪ್ಯಾಡ್ ಮತ್ತು ಬಳಸಿದ್ದನ್ನು ವಾಪಸು ತರಲು ಕಾಗದ, ಕವರು ಇಟ್ಟುಕೊಳ್ಳಲಿ. ತುರ್ತಿಗೆ ಮೇಡಂಗಳ ಬಳಿಯೂ ಇರುತ್ತದೆ.

ಶೂ, ಜಾಕೆಟ್, ಬ್ಯಾಗು ಇಲ್ಲದವರು ಕೊಳ್ಳುವ ಮೊದಲು ನನ್ನಲ್ಲಿಗೆ ಬನ್ನಿ. ಹಿಂದಿನ ವರ್ಷ ಬಂದವರ ಬಳಿ ಇವೆಲ್ಲ ಬಳಕೆಯಿಲ್ಲದೆ ಬಿದ್ದಿವೆ, ಕೇಳಿದರೆ ಸಂತೋಷದಿಂದ ಕೊಡುತ್ತಾರೆ. ಸಾಮಾನು ಇಲ್ಲವೆಂಬ ಕಾರಣಕ್ಕೆ ಯಾರ ಹೆಸರೂ ಪಟ್ಟಿಯಿಂದ ಹೋಗಬಾರದು.

ಹೊರಡುವ ಎರಡು ದಿನ ಮೊದಲು, ಕೊನೆಯ ಪೀರಿಯಡ್ ಮುಗಿದ ಮೇಲೆ ಎಲ್ಲರೂ ತುಂಬಿದ ಬ್ಯಾಗು ತನ್ನಿ. ತೂಗಿ ನೋಡೋಣ. ಒಣ ಕವರನ್ನು ಬಕೆಟಿನಲ್ಲಿ ಮುಳುಗಿಸಿ ನೋಡೋಣ. ನೀರು ಹೊಕ್ಕರೆ ಬೇಸರ ಬೇಡ, ಅದು ಬೆಟ್ಟದ ಮೇಲಲ್ಲ, ಕಾಲೇಜಿನ ಅಂಗಳದಲ್ಲಿ ಹೊಕ್ಕಿತಲ್ಲ.